ಹತ್ತಿ, ಅಂಕೋಲಾ ಮೇಲೇ ಹೋಗೂದು

ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಹೊಸಬರು ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಅವರು ಬಸ್ಸಿನ ಬೋರ್ಡುಗಳನ್ನು ಓದುತ್ತ ನಿಂತಿರುತ್ತಾರೆ. ಕುಮಟಾ, ಭಟ್ಕಳ, ಶಿರಸಿ, ಹುಬ್ಬಳ್ಳಿ, ಮಂಗಳೂರು ಎಂದು ಒಂದೊಂದನ್ನೇ ಓದಿ, ಅಂಕೋಲೆಯ ಹೆಸರು ಕಾಣಲಿಲ್ಲವೆಂದು ಒಂದರ ಹಿಂದೆ ಒಂದು ಬಸ್ಸನ್ನು ಬಿಟ್ಟುಕೊಡುತ್ತಾರೆ. ಕೊನೆಗೆ ಕಂಟ್ರೋಲರ್ ಕಿಟಕಿಯ ಹತ್ತಿರ ಹೋಗಿ ಕೇಳಿದಾಗ ಒಳಗಿನಿಂದ ಉತ್ತರ ಬರುತ್ತದೆ: ‘ಆ ಕುಮಟಾ ಬಸ್ ನಿಂತದಲ್ಲ, ಹತ್ತಿ ಮೇಡಂ. ಅಂಕೋಲಾ ಮೇಲೇ ಹೋಗೂದು.’

ತೆಂಕಣಕ್ಕೆ ಹೊರಟ ಬಸ್ಸಿಗೆ ಇಲ್ಲಿ ಬೇರೆ ದಾರಿಯಿಲ್ಲ. ನಾನು ವರ್ಗವಾಗಿ ಈ ಜಿಲ್ಲೆಗೆ ಬಂದವಳು. ಗದಗಿನ ಕಡೆಯ ಬಯಲಿನಲ್ಲಿ ಬೆಳೆದವರಿಗೆ ಒಂದು ಊರಿಗೆ ನಾಲ್ಕು ದಿಕ್ಕಿನಿಂದ ನಾಲ್ಕು ರಸ್ತೆ ಇರುವುದು ಸಹಜ. ಒಂದು ಬಸ್ ತಪ್ಪಿದರೆ ಇನ್ನೊಂದು ಊರಿನ ಮೇಲೆ ಹಾದು ಹೋಗಬಹುದು. ಕಾರವಾರದಿಂದ ಅಂಕೋಲೆಗೆ ಇರುವ ಸುಮಾರು 35 ಕಿಲೋಮೀಟರಿನಲ್ಲಿ ಆ ಅನುಕೂಲವಿಲ್ಲ. ಎಡಕ್ಕೆ ಘಟ್ಟದ ಚಾಚು, ಬಲಕ್ಕೆ ಕಡಲು, ನಡುವೆ ಸಿಕ್ಕ ಜಾಗದಲ್ಲಿ ರಾಷ್ಟ್ರೀಯ ಹೆದ್ದಾರಿ 66. ಬೈತಖೋಲದ ಬಳಿ ಗುಡ್ಡ ನೇರವಾಗಿ ಸಮುದ್ರಕ್ಕೇ ಇಳಿದಿರುವುದರಿಂದ ಈಗ ಸುರಂಗ ಕೊರೆದು ರಸ್ತೆ ಒಯ್ದಿದ್ದಾರೆ. ಸುರಂಗ ದಾಟಿದರೆ ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಮುದಗಾ, ಹಾರವಾಡ, ಅವರ್ಸಾ, ಹಟ್ಟಿಕೇರಿ, ಎಲ್ಲವೂ ಒಂದೇ ದಾರದಲ್ಲಿ ಕಟ್ಟಿದ ಅಬ್ಬಲಿಗೆಯಂತೆ ಆ ರಸ್ತೆಗೇ ಅಂಟಿಕೊಂಡಿವೆ.

ಹೀಗಾಗಿ ಇಲ್ಲಿ ಬಸ್ಸಿನಲ್ಲಿ ಓಡಾಡುವುದು ಕಷ್ಟವಲ್ಲ. ಕಷ್ಟವಾಗಿರುವುದು ತಿಳಿದುಕೊಳ್ಳುವುದು. ಯಾವ ಬಸ್ ಪ್ರತಿ ಹಳ್ಳಿಯಲ್ಲೂ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಯಾವುದು ಅಂಕೋಲೆಯ ಸ್ಟ್ಯಾಂಡಿನೊಳಗೆ ಹೋಗುತ್ತದೆ, ಯಾವುದು ಹೆದ್ದಾರಿಯಲ್ಲೇ ಇಳಿಸುತ್ತದೆ, ಭಾನುವಾರ ಯಾವುದು ಬರುವುದಿಲ್ಲ ಎಂಬ ವೇಳಾಪಟ್ಟಿಯೆಲ್ಲ ಜನರ ಬಾಯಲ್ಲಿದೆ. ಕೇಳಬಲ್ಲವರನ್ನು ಈ ಊರುಗಳು ಕೈಹಿಡಿದು ಬಸ್ ಹತ್ತಿಸುತ್ತವೆ. ಆದರೆ ಕನ್ನಡವಾಗಲಿ ಕೊಂಕಣಿಯಾಗಲಿ ಬಾರದವರು, ಕೇಳಲು ಸಂಕೋಚಪಡುವವರು, ಹೊತ್ತು ಮೀರಿ ಬಂದಿಳಿದವರು ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಮತ್ತು ಕಾರವಾರದಲ್ಲಿ ಹೊಸಬರು ಯಾವಾಗಲೂ ಇದ್ದಾರೆ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದಂದಿನಿಂದ ಇದು ಜಿಲ್ಲಾ ಕೇಂದ್ರ. ನ್ಯಾಯಾಧೀಶರು, ಗುಮಾಸ್ತರು, ಮಾಸ್ತರರು ಹೊರಗಿನಿಂದ ಬರುತ್ತಲೇ ಇದ್ದರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟ್ಯಾಗೋರರೂ 1883ರಲ್ಲಿ ಹಾಗೆ ಬಂದವರೇ. ಕಾಳಿ ನದಿಯಲ್ಲಿ ದೋಣಿಯೇರಿ ಶಿವಾಜಿಯ ಕಾಲದ ಬೆಟ್ಟದ ಕೋಟೆಯವರೆಗೆ ಹೋಗಿ ಬಂದುದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಂದು ಬರುವವರು ಬೇರೆ: ನೌಕಾನೆಲೆಯ ಕುಟುಂಬಗಳು, ಕೈಗಾ ಅಣುಸ್ಥಾವರದ ನೌಕರರು, ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಬ್ಯಾಂಕಿಗೂ ಶಾಲೆಗೂ ನೇಮಕವಾಗಿ ಬಂದ ಬಯಲುಸೀಮೆಯ ಹುಡುಗ ಹುಡುಗಿಯರು. ಬಸ್ಸಿನ ಕಂಡಕ್ಟರುಗಳಲ್ಲೂ ಅನೇಕರು ಬಾಗಲಕೋಟೆ, ವಿಜಯಪುರದ ಕಡೆಯವರು. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಈ ವಿಭಾಗದ ಕಚೇರಿ ಘಟ್ಟದ ಮೇಲೆ ಶಿರಸಿಯಲ್ಲಿದೆ. ಕರಾವಳಿಯ ಬಸ್ಸಿಗೆ ಬಂದ ಆ ಕಂಡಕ್ಟರುಗಳು ಕೆಲವೇ ತಿಂಗಳಲ್ಲಿ ‘ಫುಡೆ ವಚಾ, ಫುಡೆ ವಚಾ’ ಎಂದು ಕೊಂಕಣಿಯಲ್ಲಿ ಜನರನ್ನು ಮುಂದೆ ಸರಿಸಲು ಕಲಿತಿರುತ್ತಾರೆ. ನನಗೆ ಧೈರ್ಯ ಬಂದದ್ದು ಅವರನ್ನು ನೋಡಿಯೇ.

ಹೊಸಬರೆಂದರೆ ಹೊರಗಿನಿಂದ ಬಂದವರು ಮಾತ್ರ ಎಂದುಕೊಂಡಿದ್ದೆ. ಅರಗಾ ದಾಟುವಾಗ ಕಿಟಕಿಯಾಚೆ ಬಹುದೂರದವರೆಗೆ ಸಾಗುವ ನೌಕಾನೆಲೆಯ ಕಾಂಪೌಂಡ್ ಗೋಡೆ ಆ ಎಣಿಕೆಯನ್ನು ಬದಲಿಸಿತು. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ 1986ರ ಅಕ್ಟೋಬರಿನಲ್ಲಿ ಅಡಿಗಲ್ಲು ಹಾಕಿದರು. 2005ರಲ್ಲಿ ಅದು ಐಎನ್‌ಎಸ್ ಕದಂಬ ಆಗಿ ಕೆಲಸ ಆರಂಭಿಸಿತು. ಈ ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ತೋಡೂರು, ಮುದಗಾ, ಹಾರವಾಡ, ಬೆಲೇಕೇರಿ, ಕಾಳಿಯ ಆಚೆ ದಡದ ಚಿತ್ತಾಕುಲಾ ಇಂಥ ಕಡೆ ಅವರಿಗೆ ನಿರಾಶ್ರಿತರ ಕಾಲನಿಗಳಾದವು. ಮನೆಯಿಂದ ಇಳಿದರೆ ದಂಡೆ, ದಂಡೆಯಲ್ಲೇ ದೋಣಿ ಎಂದು ಬದುಕಿದ್ದ ಹೆಂಗಸರು ಮೀನು ಕೊಳ್ಳಲಿಕ್ಕೂ ಮಾರಲಿಕ್ಕೂ ಬಸ್ಸು, ಟೆಂಪೋ ಕಾಯುವಂತಾಯಿತು. ಹುಟ್ಟಿದ ಊರು ಕಣ್ಣಳತೆಯಲ್ಲೇ ಇದ್ದೂ, ಯಾವ ಗಾಡಿ ಎಷ್ಟು ಹೊತ್ತಿಗೆ ಎಂದು ಅವರೂ ಮೊದಲಿನಿಂದ ಕಲಿತರು. ಹೆದ್ದಾರಿಯ ಬಸ್ಸುಗಳ ಬಗ್ಗೆ ಇವರಿಗೆ ಗೊತ್ತಿರುವಷ್ಟು ಯಾವ ಕಚೇರಿಯ ಕಡತದಲ್ಲೂ ಇಲ್ಲವೆಂದು ನನಗೆ ಖಾತ್ರಿ.

ಅವರ್ಸಾದಲ್ಲಿ ಒಂದು ಮಧ್ಯಾಹ್ನ ಹೆದ್ದಾರಿಯ ಬದಿಗೆ ನಿಂತಿದ್ದೆ. ಬಸ್ಸುಗಳು ಕಣ್ಣೆದುರೇ ಹಾದು ಹೋಗುತ್ತಿದ್ದವು. ಸ್ವಲ್ಪ ದೂರದಲ್ಲಿ ಖಾಲಿ ಬುಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅದರ ಮೇಲೆ ಮೊಣಕೈ ಊರಿ ಕುಳಿತಿದ್ದ ಒಬ್ಬರು ಕರೆದರು: ‘ತಂಗೀ, ಅಲ್ಲಿ ನಿಂತ್ರೆ ನಿಲ್ಸೂದಿಲ್ಲ. ಈ ಮರದ ಬುಡಕ್ಕೆ ಬಾ. ಡ್ರೈವರಿಗೆ ದೂರದಿಂದ ಕಾಣ್ಬೇಕು.’ ಮರದ ಬುಡಕ್ಕೆ ಹೋದೆ. ಬಸ್ಸು ಕಂಡದ್ದೇ ಅವರು ಎದ್ದು ನಿಂತು ಕೈ ಮಾಡಿದರು. ಬಸ್ಸು ನಿಂತಿತು, ನಾನು ಹತ್ತಿದೆ. ಅವರು ಹತ್ತಲಿಲ್ಲ. ಬುಟ್ಟಿ ಇದ್ದಾಗ ಅವರದು ಟೆಂಪೋ. ಕೈ ಮಾಡಿದ್ದು ನನ್ನ ಸಲುವಾಗಿ.

ಆ ಮರದ ಬುಡ ಬಸ್‌ಸ್ಟಾಪ್ ಎಂದು ಎಲ್ಲೂ ಬರೆದಿಲ್ಲ. ರಸ್ತೆ ಚತುಷ್ಪಥವಾಗುವಾಗ ಅನೇಕ ಹಳ್ಳಿಗಳ ಹಳೆಯ ತಂಗುದಾಣಗಳು ಹೋದವು, ನೆರಳಿನ ಮರಗಳು ಹೋದವು, ಎದುರುಬದುರಾಗಿದ್ದ ನಿಲುಗಡೆಗಳ ನಡುವೆ ಡಿವೈಡರ್ ಬಂತು. ವಾಹನಗಳ ವೇಗ ಹೆಚ್ಚಿದ್ದರಿಂದ ಕಾರವಾರ ಹತ್ತಿರವಾಯಿತು ಎನ್ನುವುದು ಕಾರಿನವರ ಮಟ್ಟಿಗೆ ನಿಜ. ಅಮದಳ್ಳಿಯ ಶಾಲೆಯ ಹುಡುಗಿಗೆ ಎದುರಿನ ಬದಿಯೇ ದೂರವಾಗಿದೆ. ಬಸ್ಸಿಗಾಗಿ ಅವಳು ನಾಲ್ಕು ಪಥ ದಾಟಬೇಕು, ಅದೂ ಜುಲೈ ತಿಂಗಳ ಮಳೆಯಲ್ಲಿ, ಟ್ಯಾಂಕರ್ ಲಾರಿಗಳು ಎರಚುವ ನೀರಿನ ನಡುವೆ, ಗಾಳಿಗೆ ಉಲ್ಟಾ ಆದ ಕೊಡೆ ಹಿಡಿದುಕೊಂಡು. ಹೆದ್ದಾರಿ ಕಟ್ಟುವವರು ಬಸ್ಸಿಗೆ ಕಾಯುವವರನ್ನು ರಸ್ತೆಯ ಬಳಕೆದಾರರೆಂದು ಲೆಕ್ಕಕ್ಕೇ ತೆಗೆದುಕೊಂಡಂತೆ ಕಾಣುವುದಿಲ್ಲ. ಇದು ನನಗೆ ನೋವಿನ ಸಂಗತಿ. ಈ ರಸ್ತೆಯ ಮೇಲೆ ದಿನಕ್ಕೆರಡು ಬಾರಿ, ವರ್ಷವಿಡೀ ಓಡಾಡುವವರು ಅವರೇ.

ಬೆಳಗಿನ ಬಸ್ಸನ್ನು ಒಮ್ಮೆ ಹತ್ತಿದರೆ ಅದು ಗೊತ್ತಾಗುತ್ತದೆ. ಎಂಟೂವರೆಯ ಸುಮಾರಿಗೆ ಅಂಕೋಲೆಯಿಂದ ಹೊರಡುವ ಬಸ್ಸಿನಲ್ಲಿ ಕಾಲೇಜಿನವರು, ಕೋರ್ಟು ಕಚೇರಿಯವರು, ಆಸ್ಪತ್ರೆಗೆ ಹೊರಟವರು ಸೇರಿ ಹಟ್ಟಿಕೇರಿಯ ಟೋಲ್ ಬರುವುದರೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಹೊಸಬರಿಗೆ ಹೇಳಬೇಕಾದ ಮಾತು: ಹಿಂದಿನ ಬಾಗಿಲ ಬಳಿ ನಿಲ್ಲಬೇಡಿ, ಮುಂದೆ ಸರಿಯುತ್ತ ಹೋಗಿ. ಬಿಣಗಾದಲ್ಲಿ ಒಂದಷ್ಟು ಜನ ಇಳಿಯುತ್ತಾರೆ, ಆಗ ಸೀಟು ಸಿಗುವುದು ನಡುವಿನಲ್ಲಿ ನಿಂತವರಿಗೆ. ಮಳೆಗಾಲದಲ್ಲಿ ಕಡಲ ಬದಿಯ ಕಿಟಕಿ ಬೇಡ. ಶಟರ್ ಇಳಿಸಿದರೂ ನೀರು ಒಳಗೆ ಬಂದೇ ಬರುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸಿನ ಚಿತ್ರವೇ ಬದಲಾಯಿತು ಎನ್ನುತ್ತಾರೆ ಹಳಬರು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಂಗಸರಿಗೆ ಶೂನ್ಯ ಟಿಕೆಟ್. ಬಸ್ಸು ತುಂಬಿದೆ ಎಂದು ಬೈಯುವವರಿದ್ದಾರೆ. ನನಗೆ ಕಂಡದ್ದು ಬೇರೆ. ತಿಂಗಳ ಖರ್ಚಿನಲ್ಲಿ ಬಸ್‌ಚಾರ್ಜನ್ನೂ ಎಣಿಸಿ ಅಂಗಡಿ ಕೆಲಸ ಬೇಡವೆಂದು ಮನೆಯಲ್ಲೇ ಉಳಿದಿದ್ದ ಹುಡುಗಿಯರು ಈಗ ಅವರ್ಸಾದಿಂದ, ಚೆಂಡಿಯಾದಿಂದ ಕಾರವಾರದ ಬಟ್ಟೆ ಅಂಗಡಿಗೆ, ಮೆಡಿಕಲ್ ಶಾಪಿಗೆ ಬರುತ್ತಾರೆ. ಸಂಬಳ ಸಣ್ಣದು, ಆದರೆ ಅದರಲ್ಲಿ ಬಸ್ಸಿಗೆ ಕೊಡುವುದು ಏನೂ ಇಲ್ಲ. 2025ರ ಜನವರಿ 5ರಿಂದ ಟಿಕೆಟ್ ದರ ಶೇ 15ರಷ್ಟು ಏರಿದಾಗ ಅದರ ಬಿಸಿ ತಟ್ಟಿದ್ದು ಗಂಡಸರಿಗೆ. ಹೊರರಾಜ್ಯದಿಂದ ಬಂದ ನೌಕಾನೆಲೆಯ ಮನೆಗಳ ಹೆಂಗಸರಿಗೂ, ಆಧಾರಿನಲ್ಲಿ ಇಲ್ಲಿಯ ವಿಳಾಸ ಆಗುವವರೆಗೆ ಟಿಕೆಟ್ ತೆಗೆಯುವುದು ತಪ್ಪದು. ಕೆಲವರಿಗೆ ಇದು ಬಸ್ಸಿನೊಳಗೇ ತಿಳಿಯುತ್ತದೆ, ನೂಕುನುಗ್ಗಲಿನ ನಡುವೆ ಪರ್ಸು ತಡಕಾಡುತ್ತಾರೆ. ಆಗೆಲ್ಲ ಪಕ್ಕದವರು ಯಾರಾದರೂ ಹಿಂದಿ, ಕೊಂಕಣಿ, ಕನ್ನಡ ಬೆರೆಸಿ ವಿಷಯ ಬಿಡಿಸಿ ಹೇಳುವುದನ್ನು ನೋಡಿದ್ದೇನೆ.

ಬಸ್ಸಿನ ಲೆಕ್ಕ ಹೀಗೆ ಜನರಿಂದ ಕೈಗೆ ಹತ್ತುತ್ತದೆ. ರೈಲಿನದು ಹಾಗಲ್ಲ. ಕೊಂಕಣ ರೈಲು 1998ರ ಜನವರಿ 26ರಿಂದ ಹಳಿಯ ಇಡೀ ಉದ್ದಕ್ಕೆ ಓಡತೊಡಗಿದಾಗ ಕಾರವಾರಕ್ಕೆ ಮುಂಬಯಿ ಒಂದು ರಾತ್ರಿಯ ದಾರಿಯಾಯಿತು. ಆದರೆ ಹಳಿ ಕಡಲಂಚಿನ ಪೇಟೆಯನ್ನು ಬಿಟ್ಟು ಗುಡ್ಡದ ಬುಡ ಹಿಡಿದು ಸಾಗುತ್ತದೆ. ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಿಂದ ಆರೇಳು ಕಿಲೋಮೀಟರ್ ಒಳಗೆ, ಶಿರವಾಡದಲ್ಲಿ. ಅಂಕೋಲೆಯ ನಿಲ್ದಾಣವೂ ಪೇಟೆಯಿಂದ ಹೊರಗೇ.

ಬೆಂಗಳೂರಿನಿಂದ ಕಾರವಾರಕ್ಕೆ ಬರುವವರು ಮೊದಲು ನೆನೆಯುವ ಪಂಚಗಂಗಾ ಎಕ್ಸ್‌ಪ್ರೆಸ್ ಶುರುವಾದದ್ದು 2020ರ ಮಾರ್ಚಿನಲ್ಲಿ. ಸಂಜೆ ಬೆಂಗಳೂರು ಬಿಟ್ಟರೆ ಹಾಸನ, ಸುಬ್ರಹ್ಮಣ್ಯ ಘಟ್ಟ, ಉಡುಪಿಯ ಮೇಲೆ ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ಶಿರವಾಡ. ಅಂಕೋಲೆಯಲ್ಲೂ ನಿಲ್ಲುವ ಈ ಗಾಡಿ ಜಿಲ್ಲೆಗೆ ದೊಡ್ಡ ಉಪಕಾರ ಮಾಡಿದೆ. ಆದರೆ ಹದಿಮೂರು ತಾಸು ಪ್ರಯಾಣ ಮುಗಿಸಿ ಇಳಿದವರಿಗೆ ಕೊನೆಯ ಆರೇಳು ಕಿಲೋಮೀಟರೇ ಭಾರ. ಪ್ಲಾಟ್‌ಫಾರ್ಮಿನಿಂದ ಹೊರಬಂದರೆ ರಿಕ್ಷಾಗಳ ಸಾಲು. ಊರವರಿಗೆ ಗೊತ್ತಿರುವ ಉಪಾಯಗಳೆರಡು. ಒಂದು, ಬೋಗಿಯಲ್ಲೇ ಪಕ್ಕದವರನ್ನು ಮಾತಾಡಿಸಿ ಕಾಜುಬಾಗ, ಕೋಡಿಬಾಗ, ಹಬ್ಬುವಾಡ ಯಾವ ಕಡೆಯವರೆಂದು ತಿಳಿದು ಒಂದೇ ರಿಕ್ಷಾದಲ್ಲಿ ಬಾಡಿಗೆ ಹಂಚಿಕೊಳ್ಳುವುದು. ಇನ್ನೊಂದು, ನಿಲ್ದಾಣದಿಂದ ಮುಖ್ಯರಸ್ತೆಗೆ ನಡೆದು ಬಂದು ಕೈಗಾ, ಕದ್ರಾ ಕಡೆಯಿಂದ ಪೇಟೆಗೆ ಹೋಗುವ ಬಸ್ ಹಿಡಿಯುವುದು. ಕೈಯಲ್ಲಿ ಎರಡು ಚೀಲ, ಸೊಂಟದ ಮೇಲೆ ಮಗು ಇದ್ದವರಿಗೆ ಎರಡನೆಯದು ಆಗದ ಮಾತು. ಮೊದಲನೆಯದಕ್ಕೆ ಪರಿಚಯ ಬೇಕು, ಇಲ್ಲವೇ ಪರಿಚಯ ಮಾಡಿಕೊಳ್ಳುವ ಬಾಯಿ ಬೇಕು.

ಇನ್ನೊಂದು ಸಂಗತಿಯನ್ನು ಹೊಸಬರು ತಿಳಿದಿರಲೇಬೇಕು. ಜೂನ್ ಬಂದರೆ ಕೊಂಕಣ ರೈಲಿಗೆ ಮುಂಗಾರಿನ ವೇಳಾಪಟ್ಟಿ ಬರುತ್ತದೆ, ಅಕ್ಟೋಬರಿನವರೆಗೆ ಅದೇ. ಗುಡ್ಡ ಕುಸಿಯುವ ಭಯವಿರುವಲ್ಲಿ ಗಾಡಿಗಳು ನಿಧಾನವಾಗಿ ಹೋಗುತ್ತವೆ, ಹೊರಡುವ, ಮುಟ್ಟುವ ಸಮಯಗಳೂ ಬದಲಾಗುತ್ತವೆ. ಮೇ ತಿಂಗಳ ಸಮಯ ನೆನಪಿಟ್ಟುಕೊಂಡು ಜುಲೈಯಲ್ಲಿ ನಿಲ್ದಾಣಕ್ಕೆ ಹೋದರೆ ಹಳಿ ಮಾತ್ರ ಕಂಡೀತು. 2023ರ ಡಿಸೆಂಬರ್ 30ರಿಂದ ಓಡುತ್ತಿರುವ ಮಂಗಳೂರು–ಮಡಗಾಂವ್ ವಂದೇ ಭಾರತ್ ಕಾರವಾರದಲ್ಲಿ ನಿಲ್ಲುತ್ತದೆ, ಅಂಕೋಲೆಯಲ್ಲಿ ನಿಲ್ಲುವುದಿಲ್ಲ. ಹಾರವಾಡ, ಅಸ್ನೋಟಿಯಂಥ ಸಣ್ಣ ನಿಲ್ದಾಣಗಳಿಗೆ ಮಡಗಾಂವ್–ಮಂಗಳೂರು ಪ್ಯಾಸೆಂಜರ್ ಗಾಡಿಯೇ ಗತಿ. ನಿಜವಾಗಿ ನೋಡಿದರೆ ಕಾರವಾರ, ಹಾರವಾಡ, ಅಂಕೋಲೆ, ಗೋಕರ್ಣ ರೋಡ್, ಕುಮಟಾ ಹೀಗೆ ಸಾಲಾಗಿ ನಿಲ್ದಾಣಗಳಿರುವ ಈ ಹಳಿಯ ಮೇಲೆ ಬೆಳಿಗ್ಗೆ ಕಚೇರಿ ವೇಳೆಗೊಂದು, ಸಂಜೆಗೊಂದು ಲೋಕಲ್ ಗಾಡಿ ಓಡಿದರೆ ಹೆದ್ದಾರಿಯ ಅರ್ಧ ಜಂಜಾಟ ತಪ್ಪೀತು. ಹಳಿ ಇದೆ, ನಿಲ್ದಾಣಗಳಿವೆ, ಜನ ಇದ್ದಾರೆ.

ಉತ್ತರಕ್ಕೆ ಹೋಗುವವರ ಪಾಡು ಬೇರೆ. ಕಾಳಿ ದಾಟಿದರೆ ಸದಾಶಿವಗಡ, ಚಿತ್ತಾಕುಲಾ, ಮಾಜಾಳಿ, ಅಲ್ಲಿಂದಾಚೆ ಗೋವಾ. ಮಡಗಾಂವ್ ಕಡೆಗೆ ಕೆಲಸಕ್ಕೆ ಹೋಗುವ ಕಾರವಾರದ ಹುಡುಗರಿಗೆ ಗೋವಾ ಸರ್ಕಾರದ ಕದಂಬ ಬಸ್ಸುಗಳು ನಮ್ಮ ಬಸ್ಸುಗಳಷ್ಟೇ ಬಳಕೆಯವು. ಕಾಣಕೋಣದಲ್ಲಿ ಬಸ್ ಬದಲಿಸಬೇಕೇ, ನೇರ ಬಸ್ ಇದೆಯೇ ಎಂದು ಕೇಳಿಯೇ ಹತ್ತಬೇಕು. ಶಕ್ತಿಯ ಶೂನ್ಯ ಟಿಕೆಟ್ ಆ ಬಸ್ಸಿನಲ್ಲಿ ನಡೆಯುವುದಿಲ್ಲ. ಸೇತುವೆ ಇಲ್ಲದ ಕಾಲದಲ್ಲಿ ಕೋಡಿಬಾಗದಿಂದ ದೋಣಿ, ಬಾರ್ಜ್ ಹಿಡಿದು ದಾಟುತ್ತಿದ್ದುದನ್ನು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. 1980ರ ದಶಕದಲ್ಲಿ ಬಂದ ಆ ಸೇತುವೆ 2024ರ ಆಗಸ್ಟ್ 7ರ ನಸುಕಿನ ಒಂದರ ಸುಮಾರಿಗೆ ಕುಸಿದುಬಿತ್ತು. ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಬದುಕಿಸಿ ತಂದರು. ಪಕ್ಕದ ಹೊಸ ಸೇತುವೆಯಲ್ಲೇ ಎರಡೂ ಕಡೆಯ ವಾಹನ ಬಿಡಲಾಯಿತು. ನಡುಹಗಲಿನಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಬಿದ್ದಿದ್ದರೆ ಎಂಬ ಯೋಚನೆ ಆ ಸೇತುವೆಯ ಮೇಲೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದ ಯಾರನ್ನೂ ಬಹಳ ದಿನ ಬಿಡಲಿಲ್ಲ.

ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆಯ ದಕ್ಷಿಣಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ನದಿಯವರೆಗೆ ಇಳಿದಿತ್ತು. ರಸ್ತೆಯ ಬದಿಯ ಅಂಗಡಿ, ಅಲ್ಲಿದ್ದ ಮನೆಯವರು, ಚಹಾಕ್ಕೆಂದು ನಿಂತಿದ್ದ ಲಾರಿಯವರು ಮಣ್ಣುಪಾಲಾದರು. ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಅಂಕೋಲೆಯಿಂದ ಕುಮಟೆಗೆ ಹೋಗಬೇಕಾದವರು ಒಳರಸ್ತೆಗಳಲ್ಲಿ ಸುತ್ತಿ ಬಳಸಿ ಹೋದರು. ಒಂದೇ ರಸ್ತೆಯ ನಾಡಿನಲ್ಲಿ ಆ ರಸ್ತೆ ತುಂಡಾದರೆ ಏನಾಗುತ್ತದೆಂದು ಹಳಬರಿಗೂ ಹೊಸಬರಿಗೂ ಒಂದೇ ಸಲ ತಿಳಿಯಿತು. ಆ ದಿನಗಳಲ್ಲಿ ಮೊದಲು ಸುದ್ದಿ ಕೊಡುತ್ತಿದ್ದವರು ಕಂಡಕ್ಟರುಗಳು. ಎಲ್ಲಿಯವರೆಗೆ ಬಸ್ ಹೋಗುತ್ತದೆ, ಎಲ್ಲಿಂದ ನಡೆಯಬೇಕು, ಆಚೆ ಏನು ಸಿಗುತ್ತದೆ ಎಂಬುದನ್ನು ಸ್ಟ್ಯಾಂಡಿನಲ್ಲಿ ಅವರ ಸುತ್ತ ನೆರೆದ ಜನ ಕೇಳಿ ತಿಳಿಯುತ್ತಿದ್ದರು.

ಈ ಎರಡು ತಾಲ್ಲೂಕುಗಳಿಗೆ ದೊಡ್ಡ ದೊಡ್ಡ ಯೋಜನೆಗಳ ಹೆಸರು ಕೇಳಿ ರೂಢಿಯಾಗಿದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 1990ರ ದಶಕದಲ್ಲೇ ಒಪ್ಪಿಗೆ ಸಿಕ್ಕಿತು. ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಅದು ಸಿಲುಕಿಕೊಂಡಿದೆ, ಕಾಡು ಉಳಿಯಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಇದೆ. ಕೇಣಿಯಲ್ಲಿ ಬಂದರಿನ ಯೋಜನೆಗೆ ಮೀನುಗಾರರು ವಿರೋಧ ಹೂಡಿದ್ದಾರೆ. ಇವೆಲ್ಲದರ ನಡುವೆ ನಾನು ಕೇಳುವುದು ತೀರಾ ಸಣ್ಣದು. ಪಂಚಗಂಗಾ ಬರುವ ಹೊತ್ತಿಗೆ ಶಿರವಾಡದ ನಿಲ್ದಾಣದೆದುರು ಪೇಟೆಗೆ ಹೋಗುವ ಒಂದು ಬಸ್, ಸಂಜೆ ಅದು ಹೊರಡುವ ಮುನ್ನ ಪೇಟೆಯಿಂದ ಒಂದು ಬಸ್. ಗಾಡಿ ತಡವಾದರೆ ಕಾಯುವ ಬಸ್. ಹೆದ್ದಾರಿಯ ಪ್ರತಿ ಹಳ್ಳಿಯಲ್ಲೂ ಎರಡೂ ಬದಿಗೆ ತಗಡಿನದಾದರೂ ಒಂದು ಮಾಡು, ಅದರಲ್ಲಿ ನಿಲ್ಲುವ ಬಸ್ಸುಗಳ ಸಮಯ. ಅವರ್ಸಾದ ಆ ಮರದ ಬುಡದಲ್ಲಿ ಕೂರುವವರನ್ನು ಕೇಳಿಯೇ ಆ ಸಮಯ ಬರೆಯಬಹುದು.

ಹೀಗೆ ಬರೆದಿಟ್ಟ ಬಸ್ಸಿನ ಸಮಯ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಅಂಕೋಲೆಯ ಒಳನಾಡಿನವರಿಗೆ. ಅಚವೆ, ಹಿಲ್ಲೂರು, ಸುಂಕಸಾಳದ ಕಡೆಯ ಹಳ್ಳಿಗಳಿಗೆ ಬಸ್ಸು ದಿನಕ್ಕೆ ಹಲವು ಇಲ್ಲ. ಅಲ್ಲಿಯ ವಯಸ್ಸಾದವರು ಕಾರವಾರದ ಜಿಲ್ಲಾ ಆಸ್ಪತ್ರೆಗೆ ಬರಬೇಕಾದರೆ ವಸ್ತಿ ಬಸ್ ಬೆಳಿಗ್ಗೆ ಹೊರಡುವಾಗಲೇ ಹತ್ತಬೇಕು, ಅಂಕೋಲೆಯಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆಗೆ ಕೊಟ್ಟು ಕೂರುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಅವರ ಕಣ್ಣೆಲ್ಲ ಗೋಡೆಯ ಗಡಿಯಾರದ ಮೇಲೆ. ವರದಿ ಬೇಗ ಕೈಗೆ ಬಂದರೆ ಅಂಕೋಲೆಯಿಂದ ಊರ ಕೊನೆಯ ಬಸ್ ಸಿಗುತ್ತದೆ, ತಡವಾದರೆ ಆ ರಾತ್ರಿಗೆ ನೆಂಟರ ಮನೆ ಹುಡುಕಬೇಕು. ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲೇ ಒಳಹಳ್ಳಿಗಳ ಕೊನೆಯ ಬಸ್ಸಿನ ಸಮಯ ಬರೆದು ಹಾಕಿದರೆ, ಬಯಲುಸೀಮೆಯಿಂದ ಹೊಸದಾಗಿ ಬಂದ ನರ್ಸಿಗೂ ಡಾಕ್ಟರಿಗೂ ಅದು ಕಣ್ಣಿಗೆ ಬೀಳುತ್ತದೆ, ಹಿಲ್ಲೂರಿನ ಅಜ್ಜಿಯನ್ನು ಮೊದಲು ನೋಡಿ ಕಳಿಸಲು ಅವರಿಗೆ ಸಾಧ್ಯವಾಗುತ್ತದೆ.